ಗಾಳಿಗೆ ಲಗಾಮು ಹಾಕಿದ ಹಳ್ಳಿ ಮೇಷ್ಟ್ರು: ಡೆನ್ಮಾರ್ಕ್‌ನ ಪೌಲ್ ಲ ಕೂರ್ ಬದುಕಿನ ಕಥೆ

ಗಾಳಿಯಿಂದ ಕರೆಂಟ್ ತೆಗೆಯುವುದು ಅಷ್ಟೇನೂ ಕಷ್ಟವಲ್ಲ. ರೆಕ್ಕೆ ತಿರುಗಿದರೆ ಡೈನಮೊ ತಿರುಗುತ್ತದೆ, ದೀಪ ಹತ್ತುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಜೋರಾಗಿ ಬೀಸಿದರೆ ದೀಪ ಸುಟ್ಟುಹೋಗುತ್ತದೆ, ನಿಂತರೆ ಊರೆಲ್ಲ ಕತ್ತಲು. ಈ ತಲೆನೋವಿಗೆ ಮದ್ದು ಹುಡುಕುವುದರಲ್ಲೇ ಬದುಕಿನ ಕೊನೆಯ 17 ವರ್ಷ ಕಳೆದವರು ಪೌಲ್ ಲ ಕೂರ್.

ದೊಡ್ಡ ಹುದ್ದೆ ಬಿಟ್ಟು ಹಳ್ಳಿಗೆ

ಲ ಕೂರ್ ಹುಟ್ಟಿದ್ದು 1846ರ ಏಪ್ರಿಲ್ 13ರಂದು. ಓದಿದ್ದು ಭೌತಶಾಸ್ತ್ರ ಮತ್ತು ಹವಾಮಾನ ಶಾಸ್ತ್ರ. 1872ರಲ್ಲಿ ಡೆನ್ಮಾರ್ಕ್‌ನ ಹವಾಮಾನ ಸಂಸ್ಥೆ ಆರಂಭವಾದಾಗ ಅದರ ಉಪ ಮುಖ್ಯಸ್ಥರಾದರು. ಟೆಲಿಗ್ರಾಫ್ ಕ್ಷೇತ್ರದಲ್ಲೂ ಹೊಸ ಸಾಧನಗಳನ್ನು ಕಂಡುಹಿಡಿದು ಹೆಸರು ಮಾಡಿದ್ದರು. ಹಾಗಿದ್ದೂ 1878ರಲ್ಲಿ ರಾಜಧಾನಿ ಬಿಟ್ಟು ಆಸ್ಕೋವ್ ಎಂಬ ಹಳ್ಳಿಯ ಜನಪದ ಪ್ರೌಢಶಾಲೆಯಲ್ಲಿ ಮೇಷ್ಟ್ರಾದರು. ರೈತರ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸತೊಡಗಿದರು.

ಆಗಷ್ಟೇ ನಗರಗಳಿಗೆ ವಿದ್ಯುತ್ ಬರುತ್ತಿತ್ತು. ಅದು ಪೇಟೆಯವರ ಪಾಲಾಗಿಯೇ ಉಳಿದರೆ ಹಳ್ಳಿಗಳು ಇನ್ನಷ್ಟು ಹಿಂದೆ ಬೀಳುತ್ತವೆ ಎಂಬ ಚಿಂತೆ ಅವರನ್ನು ಕಾಡಿತು. ಡೆನ್ಮಾರ್ಕ್‌ನಲ್ಲಿ ಕಲ್ಲಿದ್ದಲು ಇರಲಿಲ್ಲ. ಬೇಕಾದಷ್ಟಿದ್ದದ್ದು ಗಾಳಿ. 1891ರಲ್ಲಿ ಸರ್ಕಾರದ ಧನಸಹಾಯದಿಂದ ಆಸ್ಕೋವ್‌ನಲ್ಲಿ ಪ್ರಯೋಗಕ್ಕೆಂದೇ ಒಂದು ಗಾಳಿಯಂತ್ರ ನಿಲ್ಲಿಸಿದರು.

ರಾಟೆ, ತೂಕದ ಗುಂಡು

ಗಾಳಿ ಹೇಗೇ ಬೀಸಲಿ, ಡೈನಮೊ ಮಾತ್ರ ಒಂದೇ ಸಮನೆ ತಿರುಗಬೇಕು. ಇದಕ್ಕೆ ಲ ಕೂರ್ ರೂಪಿಸಿದ ಸಾಧನ ‘ಕ್ರಾಟೊಸ್ಟಾಟ್’. ರೆಕ್ಕೆಗೂ ಡೈನಮೊಗೂ ನಡುವೆ ರಾಟೆ, ಪಟ್ಟಿ, ತೂಗುವ ಗುಂಡು. ಡೈನಮೊಗೆ ಎಷ್ಟು ಬಲ ತಲುಪಬೇಕು ಎಂಬುದನ್ನು ಆ ತೂಕವೇ ನಿರ್ಧರಿಸುತ್ತಿತ್ತು. ಮುಂದೆ ಅವರೇ ಇದನ್ನು ಇನ್ನೂ ಸರಳಗೊಳಿಸಿದರು.

ಗಾಳಿ ನಿಂತಾಗ ಏನು ಮಾಡುವುದು? ಕರೆಂಟ್ ಹಾಯಿಸಿ ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆದು, ಆ ಅನಿಲವನ್ನು ತೊಟ್ಟಿಯಲ್ಲಿ ಕೂಡಿಟ್ಟರು. 1895ರಿಂದ ಏಳು ವರ್ಷ ಶಾಲೆಯ ದೀಪಗಳು ಉರಿದದ್ದು ಈ ಅನಿಲದಿಂದಲೇ. ಅಪಾಯವೂ ಕಡಿಮೆ ಇರಲಿಲ್ಲ. ಎರಡು ಅನಿಲಗಳು ಬೆರೆತು ಸ್ಫೋಟಗೊಂಡು ಕಿಟಕಿ ಗಾಜುಗಳು ಒಂದಲ್ಲ, ಹಲವು ಬಾರಿ ಪುಡಿಯಾದವು.

ಕೊನೆಗೆ ಅವರು ಬ್ಯಾಟರಿಯ ದಾರಿ ಹಿಡಿದರು. ಗಾಳಿ ಕುಗ್ಗಿದಾಗ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿದು ಡೈನಮೊ ಸೇರಬಾರದಲ್ಲ, ಅದಕ್ಕಾಗಿ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್ ತಯಾರಿಸಿದರು.

ಯಂತ್ರದ ಜೊತೆ ಜನರೂ ತಯಾರು

ಯಂತ್ರವಿದ್ದರೆ ಸಾಲದು, ಕೆಟ್ಟರೆ ರಿಪೇರಿ ಮಾಡುವವರು ಊರಲ್ಲೇ ಇರಬೇಕು. ಹೀಗಾಗಿ 1903ರಲ್ಲಿ ಗಾಳಿ ವಿದ್ಯುತ್ತಿಗಾಗಿ ಸಂಘ ಕಟ್ಟಿದರು. ಮರುವರ್ಷ ಹಳ್ಳಿಯ ಹುಡುಗರಿಗೆ ಎಲೆಕ್ಟ್ರೀಷಿಯನ್ ತರಬೇತಿ ಶುರು ಮಾಡಿದರು. 1908ರ ಏಪ್ರಿಲ್ 24ರಂದು ಲ ಕೂರ್ ತೀರಿಕೊಂಡರು. 1918ರ ಹೊತ್ತಿಗೆ ಡೆನ್ಮಾರ್ಕ್‌ನ ಸುಮಾರು 120 ಗ್ರಾಮೀಣ ವಿದ್ಯುತ್ ಕೇಂದ್ರಗಳಲ್ಲಿ ಗಾಳಿಯಂತ್ರಗಳಿದ್ದವು. ಅದನ್ನು ನೋಡಲು ಅವರಿರಲಿಲ್ಲ.

ಶಿಷ್ಯ ಮುಗಿಸಿದ ಕೆಲಸ

1904ರ ಆ ತರಬೇತಿಯಲ್ಲಿ 17 ವರ್ಷದ ಒಬ್ಬ ಹುಡುಗನಿದ್ದ. ಹೆಸರು ಯೋಹಾನ್ನೆಸ್ ಯೂಲ್. ಗುರುವಿನ ಯಂತ್ರ ಒಂದು ಊರಿಗೆ ಸೀಮಿತವಾಗಿದ್ದರೆ, ಶಿಷ್ಯ ಗಾಳಿಯನ್ನು ಗ್ರಿಡ್‌ಗೇ ಜೋಡಿಸಿದರು. 1957ರಲ್ಲಿ ಗೆಡ್ಸರ್ ಎಂಬಲ್ಲಿ ಅವರು ಕಟ್ಟಿದ ಮೂರು ರೆಕ್ಕೆಯ ಟರ್ಬೈನ್‌ನ ಸಾಮರ್ಥ್ಯ 200 ಕಿಲೋವ್ಯಾಟ್. ಗ್ರಿಡ್‌ಗೆ ಜೋಡಿಸಿದ ಜನರೇಟರೇ ರೆಕ್ಕೆಗಳ ವೇಗವನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿದಿಡುತ್ತಿತ್ತು. ಗಾಳಿ ಮಿತಿ ಮೀರಿದರೆ ಅದರ ಹರಿವು ರೆಕ್ಕೆಯ ಮೈ ಬಿಟ್ಟು ಚದುರಿ, ಉತ್ಪಾದನೆ ತಾನಾಗಿಯೇ ಹತೋಟಿಗೆ ಬರುತ್ತಿತ್ತು. ಗ್ರಿಡ್ ಸಂಪರ್ಕ ತಪ್ಪಿ ರೆಕ್ಕೆ ಹುಚ್ಚೆದ್ದು ತಿರುಗಿದರೆ ತಡೆಯಲು ತುದಿಯಲ್ಲಿ ಬ್ರೇಕ್ ಇತ್ತು. ಈ ಟರ್ಬೈನ್ 1967ರವರೆಗೆ ಕೆಲಸ ಮಾಡಿತು. ಮುಂದಿನ ಡ್ಯಾನಿಶ್ ಟರ್ಬೈನ್‌ಗಳಿಗೆ ಇದೇ ಮಾದರಿಯಾಯಿತು.

ಪುಣೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬರುವವರಿಗೆ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ಕಾಣುತ್ತವೆ. ಇಂದಿನ ದೊಡ್ಡ ಟರ್ಬೈನ್‌ಗಳಲ್ಲಿ ಗಾಳಿ ಅಳೆದು ರೆಕ್ಕೆಯ ಕೋನ ಬದಲಿಸಲು ಕಂಪ್ಯೂಟರ್ ಇದೆ. ಗಾಳಿಯ ವಿದ್ಯುತ್ತಿನಿಂದ ಹೈಡ್ರೋಜನ್ ತಯಾರಿಸುವ ಮಾತೂ ಮತ್ತೆ ಬಂದಿದೆ. ಈಗ ಅದರ ಹೆಸರು ಹಸಿರು ಹೈಡ್ರೋಜನ್. ಗಾಜು ಒಡೆದರೂ ಪ್ರಯೋಗ ಬಿಡದ ಆಸ್ಕೋವ್‌ನ ಮೇಷ್ಟ್ರು ಅದನ್ನು 1895ರಲ್ಲೇ ಮಾಡಿ ನೋಡಿದ್ದರು.