ತಾಜ್ ಮಹಲ್‌ನ ಶಿಲ್ಪಿ ಉಸ್ತಾದ್ ಅಹ್ಮದ್ ಲಾಹೋರಿ

ತಾಜ್ ಮಹಲನ್ನು ಕಟ್ಟಿಸಿದವರು ಯಾರು ಎಂದರೆ ಪ್ರಾಥಮಿಕ ಶಾಲೆಯ ಮಕ್ಕಳೂ ಷಹಜಹಾನ್ ಎಂದು ಉತ್ತರಿಸುತ್ತಾರೆ. ಆದರೆ ಅದರ ನಕ್ಷೆ ರಚಿಸಿದವರು ಯಾರು ಎಂದು ಕೇಳಿದರೆ ಉತ್ತರಗಳು ಬೇರೆ ಬೇರೆಯಾಗುತ್ತವೆ. ಕೆಲವರು ಉಸ್ತಾದ್ ಈಸಾ ಎನ್ನುತ್ತಾರೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಯುರೋಪಿನವರ ಹೆಸರುಗಳಿವೆ. ಈ ತಪ್ಪು ಹೆಸರುಗಳ ಹಿಂದೆ ಬಹುಕಾಲ ಮರೆಯಾಗಿದ್ದವರು ಉಸ್ತಾದ್ ಅಹ್ಮದ್ ಲಾಹೋರಿ.

ಉಸ್ತಾದ್ ಅಹ್ಮದ್ ಬರೀ ಗಾರೆ ಕೆಲಸ ಬಲ್ಲವರಲ್ಲ. ರೇಖಾಗಣಿತ, ಗಣಿತ ಮತ್ತು ಖಗೋಳಶಾಸ್ತ್ರಗಳಲ್ಲಿ ಪಾರಂಗತರಾಗಿದ್ದರು. ಯೂಕ್ಲಿಡ್ ಮತ್ತು ಟಾಲೆಮಿಯರ ಗ್ರಂಥಗಳನ್ನು ಚೆನ್ನಾಗಿ ಬಲ್ಲವರಾಗಿದ್ದರೆಂದು ಅವರ ಮಗನೇ ಬರೆದಿದ್ದಾರೆ. ಚಕ್ರವರ್ತಿ ಷಹಜಹಾನ್ ಅವರಿಗೆ 'ನಾದಿರುಲ್ ಅಸ್ರ್', ಅಂದರೆ ಯುಗದ ಅದ್ಭುತ ಎಂಬ ಬಿರುದು ನೀಡಿದ್ದರು.

1631ರಲ್ಲಿ ಬುರ್ಹಾನ್‌ಪುರದಲ್ಲಿ ಮುಮ್ತಾಜ್ ಮಹಲ್ ನಿಧನರಾದರು. ಮರುವರ್ಷ ಆಗ್ರಾದಲ್ಲಿ ತಾಜ್‌ನ ಕೆಲಸ ಆರಂಭವಾಯಿತು. ಅದು ಇನ್ನೂ ನಡೆಯುತ್ತಿರುವಾಗಲೇ, 1639ರಲ್ಲಿ, ದಿಲ್ಲಿಯ ಕೆಂಪು ಕೋಟೆಗೆ ಅಡಿಪಾಯ ಹಾಕಲಾಯಿತು. ಆ ಕೋಟೆಯನ್ನು ಉಸ್ತಾದ್ ಅಹ್ಮದ್ ಮತ್ತು ಉಸ್ತಾದ್ ಹಾಮಿದ್ ಕಟ್ಟಿದರೆಂದು ಷಹಜಹಾನ್ ಕಾಲದ ಇತಿಹಾಸ ಗ್ರಂಥದಲ್ಲಿ ಹೆಸರು ಸಹಿತ ದಾಖಲಾಗಿದೆ. ತಾಜ್ ಕಟ್ಟಿದವರ ಕೈಗಳನ್ನು ಕತ್ತರಿಸಲಾಯಿತು ಎಂಬ ಕತೆಗೆ ಯಾವ ಆಧಾರವೂ ಇಲ್ಲ. ಕತ್ತರಿಸಿದ ಕೈಗಳು ಕೋಟೆ ಕಟ್ಟಲಾರವು. 1648ರಲ್ಲಿ ಚಕ್ರವರ್ತಿ ಹೊಸ ಕೋಟೆಯನ್ನು ಪ್ರವೇಶಿಸಿದರು. ಮರುವರ್ಷ, 1649ರಲ್ಲಿ, ಉಸ್ತಾದ್ ಅಹ್ಮದ್ ಇಹಲೋಕ ತ್ಯಜಿಸಿದರು.

ಹಾಗಾದರೆ ತಾಜ್‌ನೊಂದಿಗೆ ಅವರ ಹೆಸರು ಏಕೆ ಉಳಿಯಲಿಲ್ಲ? ಆಸ್ಥಾನದ ಇತಿಹಾಸಕಾರ ಅಬ್ದುಲ್ ಹಮೀದ್ ಲಾಹೋರಿ ಮೇಲ್ವಿಚಾರಕರಾದ ಮಕ್ರಮತ್ ಖಾನ್ ಮತ್ತು ಮೀರ್ ಅಬ್ದುಲ್ ಕರೀಮ್‌ರನ್ನು ಹೆಸರಿಸಿದರೇ ಹೊರತು ಶಿಲ್ಪಿಯನ್ನು ಹೆಸರಿಸಲಿಲ್ಲ. ಕಟ್ಟಡದ ಮೇಲೆ ಸಹಿ ಇರುವುದು ಕುರ್‌ಆನ್ ವಚನಗಳನ್ನು ಬರೆದ ಲಿಪಿಕಾರ ಅಮಾನತ್ ಖಾನ್‌ರದ್ದು ಮಾತ್ರ. ಈ ಖಾಲಿ ಜಾಗವನ್ನು ಇತರರ ಹೆಸರುಗಳು ತುಂಬಿಕೊಂಡವು. 1640ರ ಹೊತ್ತಿಗೆ ಆಗ್ರಾಕ್ಕೆ ಬಂದಿದ್ದ ಮನ್ರಿಕ್ ಎಂಬ ಪಾದ್ರಿ, ವೆನಿಸ್‌ನ ಆಭರಣ ಕುಶಲಿ ಜೆರೋನಿಮೋ ವೆರೋನಿಯೋ ತಾಜ್‌ನ ನಕ್ಷೆ ಮಾಡಿದನೆಂದು ಬರೆದರು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಸ್ಲೀಮನ್ ಆ ಕೀರ್ತಿಯನ್ನು ಫ್ರಾನ್ಸಿನ ಆಸ್ಟಿನ್ ಎಂಬಾತನಿಗೆ ಕೊಟ್ಟರು. ಅದೇ ಶತಮಾನದಲ್ಲಿ ಆಗ್ರಾದಲ್ಲಿ ಸಿದ್ಧವಾದ ಪಾರಸಿ ಹಸ್ತಪ್ರತಿಗಳಿಂದ ಉಸ್ತಾದ್ ಈಸಾ ಎಂಬ ಹೆಸರು ಹರಡಿತು. ಷಹಜಹಾನ್ ಕಾಲದ ಯಾವ ಇತಿಹಾಸ ಗ್ರಂಥವೂ ಇವುಗಳನ್ನು ಸಮರ್ಥಿಸುವುದಿಲ್ಲ.

ಈ ಗೊಂದಲ ತಿಳಿಯಾಗುವುದರಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಉಸ್ತಾದ್ ಅಹ್ಮದ್‌ರ ಮಗ ಲುತ್ಫುಲ್ಲಾ ಮುಹಂದಿಸ್‌ರ ಪಾರಸಿ ಕವನ ಸಂಗ್ರಹದ ಹಸ್ತಪ್ರತಿಯೊಂದು ಬೆಂಗಳೂರಿನ ಖಾಸಗಿ ಸಂಗ್ರಹದಲ್ಲಿತ್ತು. 1930ರ ದಶಕದಲ್ಲಿ ಮೌಲಾನಾ ಸಯ್ಯದ್ ಸುಲೈಮಾನ್ ನದ್ವಿಯವರು ಅದನ್ನು ವಿದ್ವಾಂಸರ ಗಮನಕ್ಕೆ ತಂದರು. ತಾಜ್ ಮತ್ತು ಕೆಂಪು ಕೋಟೆ ಎರಡನ್ನೂ ತಂದೆಯೇ ನಿರ್ಮಿಸಿದರೆಂದು ಲುತ್ಫುಲ್ಲಾ ಅದರಲ್ಲಿ ಬರೆದಿದ್ದಾರೆ. ಇದು ಮಗನ ಸಾಕ್ಷ್ಯ ಎಂಬುದು ನಿಜ. ಆದರೆ ಕೋಟೆಯ ವಿಷಯದಲ್ಲಿ ಇತಿಹಾಸ ಗ್ರಂಥವೂ ಅದನ್ನೇ ಹೇಳುವುದರಿಂದ ಹೆಚ್ಚಿನ ಇತಿಹಾಸಕಾರರು ಈ ಮಾತನ್ನು ಒಪ್ಪಿದ್ದಾರೆ.

ತಪ್ಪು ಇನ್ನೊಂದು ದಿಕ್ಕಿನಿಂದಲೂ ಆಗುತ್ತದೆ. ದಿಲ್ಲಿಯ ಜಾಮಾ ಮಸೀದಿಯನ್ನೂ ಉಸ್ತಾದ್ ಅಹ್ಮದ್‌ರೇ ಕಟ್ಟಿದರೆಂದು ಕೆಲವರು ಬರೆಯುತ್ತಾರೆ. ಆ ಮಸೀದಿಗೆ ಅಡಿಪಾಯ ಬಿದ್ದದ್ದು 1650ರಲ್ಲಿ, ಅವರು ತೀರಿಕೊಂಡ ಮೇಲೆ. ಅಲ್ಲಿನ ಶಾಸನಗಳನ್ನು ಬರೆದವರು ಅವರ ಮಗ ನೂರುಲ್ಲಾ. ನಮ್ಮವರೆಂಬ ಅಭಿಮಾನದಿಂದ ಸಲ್ಲದ ಕೀರ್ತಿಯನ್ನು ಸೇರಿಸುವುದೂ ಸತ್ಯಕ್ಕೆ ಮಾಡುವ ಅನ್ಯಾಯವೇ.

ಉಸ್ತಾದ್ ಅಹ್ಮದ್ ತಮ್ಮ ಮಕ್ಕಳಿಗೆ ಬಿಟ್ಟುಹೋದ ದೊಡ್ಡ ಆಸ್ತಿ ವಿದ್ಯೆ. ಹಿರಿಯ ಮಗ ಅತಾವುಲ್ಲಾ ಭಾಸ್ಕರಾಚಾರ್ಯರ ಬೀಜಗಣಿತವನ್ನು ಸಂಸ್ಕೃತದಿಂದ ಪಾರಸಿಗೆ ಅನುವಾದಿಸಿದರು. ಔರಂಗಾಬಾದಿನ ಬೀಬಿ ಕಾ ಮಕ್ಬರದ ಬಾಗಿಲ ಮೇಲೆ ಶಿಲ್ಪಿಯಾಗಿ ಅವರ ಹೆಸರಿದೆ, ಜೊತೆಗೆ ಹಂಸಪತ್ ರಾಯ್‌ರ ಹೆಸರೂ ಇದೆ. ಲುತ್ಫುಲ್ಲಾ ಗಣಿತಜ್ಞರೂ ಕವಿಯೂ ಆದರು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಅಮೃತಶಿಲೆಯ ಅಷ್ಟು ದೊಡ್ಡ ಕಟ್ಟಡ ತನ್ನ ಶಿಲ್ಪಿಯ ಹೆಸರನ್ನು ಹೇಳಲಿಲ್ಲ. ಓದು ಬಲ್ಲ ಮಗನೊಬ್ಬ ಬರೆದಿಟ್ಟ ಕೆಲವು ಸಾಲುಗಳು ಅದನ್ನು ಉಳಿಸಿದವು. ಆ ಹಸ್ತಪ್ರತಿಯನ್ನು ಜೋಪಾನ ಮಾಡಿದ ಕೈಗಳೂ ಅಷ್ಟೇ ಮುಖ್ಯ. ನಮ್ಮ ಊರಿನ ಹಳೆಯ ಮಸೀದಿ, ಮದ್ರಸ, ಮನೆಗಳನ್ನು ಯಾರು ಕಟ್ಟಿದರು ಎಂಬುದನ್ನೂ ಕೇಳಿ, ದಾಖಲೆಗಳೊಂದಿಗೆ ಹೋಲಿಸಿ ಬರೆದಿಡುವ ಕೆಲಸ ನಮ್ಮಿಂದ ಆಗಬೇಕು.