ಹತ್ತು ಸೆಂಟಿನ ಕಪ್ಪು ಪುಸ್ತಕ

ಕಳೆದ ರಜೆಯಲ್ಲಿ ನಾನು ಖಾಲಾ, ಅಂದರೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರ ಮಗ ವಿಮಾನ ನಡೆಸುವ ತರಬೇತಿ ಪಡೆಯುತ್ತಿದ್ದಾರೆ. ಭಾಯಿ ತಮ್ಮ ಟ್ಯಾಬ್‌ನಲ್ಲಿ ಒಂದೇ ಜಾಗದ ಎರಡು ನಕ್ಷೆ ತೋರಿಸಿದರು. ಒಂದು, ಕಾಗದದ ನಕ್ಷೆಯನ್ನು ಹಾಗೆಯೇ ಫೋಟೋ ತೆಗೆದಂತೆ ಇತ್ತು. ಇನ್ನೊಂದು ವೆಕ್ಟರ್ ನಕ್ಷೆ. ಅದರಲ್ಲಿ ಬೆಟ್ಟ, ಗೋಪುರ, ರನ್‌ವೇ ಎಲ್ಲವೂ ಮಾಹಿತಿಯಾಗಿ ಒಳಗಿರುತ್ತವೆ. ನಾವು ನೋಡುವಾಗ ಟ್ಯಾಬ್ ಅವನ್ನು ಹೊಸದಾಗಿ ಬಿಡಿಸಿ ತೋರಿಸುತ್ತದೆ. ಇವೆರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದೆ. ಭಾಯಿ ಉತ್ತರ ಕೊಡಲಿಲ್ಲ. ಮೊದಲು ಜೆಪ್ಪೆಸೆನ್ ಬಗ್ಗೆ ಓದು ಎಂದರು. ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಎಲ್ರೇ ಜೆಪ್ಪೆಸೆನ್ 1907ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಹುಟ್ಟಿದರು. ತಂದೆತಾಯಿ ಡೆನ್ಮಾರ್ಕ್‌ನಿಂದ ವಲಸೆ ಬಂದವರು. ಬಾಲ್ಯ ಕಳೆದದ್ದು ಆರೆಗಾನ್ ರಾಜ್ಯದಲ್ಲಿ. ಚಿಕ್ಕಂದಿನಿಂದಲೇ ಅವರಿಗೆ ಹಾರಾಟದ ಹುಚ್ಚು. ಇಪ್ಪತ್ತರ ವಯಸ್ಸಿನಲ್ಲೇ ಅವರು ಪೈಲಟ್ ಆಗಿದ್ದರು. ಅವರ ಲೈಸೆನ್ಸ್‌ಗೆ ಸಹಿ ಹಾಕಿದವರು ವಿಮಾನ ಕಂಡುಹಿಡಿದ ಸಹೋದರರಲ್ಲಿ ಒಬ್ಬರಾದ ಆರ್ವಿಲ್ ರೈಟ್. ಕೆಲವು ಕಾಲ ಜೆಪ್ಪೆಸೆನ್ ಊರೂರು ತಿರುಗಿ ಜನರ ಮುಂದೆ ವಿಮಾನದ ಸಾಹಸ ಪ್ರದರ್ಶನ ಮಾಡಿದರು.

1930ರಲ್ಲಿ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಟಪಾಲು ಸಾಗಿಸುವ ಪೈಲಟ್ ಆಗಿ ಸೇರಿದರು. ಎತ್ತರದ ಪರ್ವತಗಳ ಮೇಲೆ ಹಾರಬೇಕಿತ್ತು. ಆಗ ಪೈಲಟ್‌ಗಳ ಕೈಯಲ್ಲಿದ್ದದ್ದು ಕಾರಿನವರು ಬಳಸುವ ರಸ್ತೆ ನಕ್ಷೆ. ಕೆಳಗೆ ಕಾಣುವ ರೈಲು ಹಳಿಯನ್ನು ನೋಡಿಕೊಂಡು ಹಾರುತ್ತಿದ್ದರು. ರಸ್ತೆ ನಕ್ಷೆ ಊರಿಗೆ ದಾರಿ ತೋರಿಸುತ್ತದೆ, ಆದರೆ ದಾರಿಯಲ್ಲಿರುವ ಬೆಟ್ಟ ಎಷ್ಟು ಎತ್ತರ ಎಂದು ಹೇಳುವುದಿಲ್ಲ. ಮಂಜು ಕವಿದರೆ ಹಳಿಯೂ ಕಾಣುವುದಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಹಲವರು ಅಪಘಾತದಲ್ಲಿ ತೀರಿಕೊಂಡರು. ಜೆಪ್ಪೆಸೆನ್ ಅವರಿಗೆ ಆಗ 23 ವರ್ಷ.

ಅವರು ಅಂಗಡಿಯಲ್ಲಿ ಹತ್ತು ಸೆಂಟ್ ಕೊಟ್ಟು ಒಂದು ಸಣ್ಣ ಕಪ್ಪು ನೋಟ್ ಪುಸ್ತಕ ಕೊಂಡರು. ವಿಮಾನ ಇಳಿಯುವ ಮೈದಾನ ಎಷ್ಟು ಉದ್ದ, ಯಾವ ಕಡೆ ಇಳಿಜಾರು, ಸುತ್ತ ಏನೇನು ಅಡ್ಡ ಇದೆ, ದೀಪ ಎಲ್ಲಿದೆ ಎಂದೆಲ್ಲ ಅದರಲ್ಲಿ ಬರೆದುಕೊಂಡರು. ದಾರಿಯಲ್ಲಿರುವ ರೈತರ ಫೋನ್ ನಂಬರ್ ಕೂಡ ಬರೆದರು, ಏಕೆಂದರೆ ಅಲ್ಲಿಯ ಹವಾಮಾನ ಹೇಗಿದೆ ಎಂದು ಅವರನ್ನು ಕೇಳಬಹುದಿತ್ತು. ಬಿಡುವಿದ್ದಾಗ ಎತ್ತರ ಅಳೆಯುವ ಆಲ್ಟಿಮೀಟರ್ ಹಿಡಿದು ಬೆಟ್ಟ, ನೀರಿನ ಟ್ಯಾಂಕ್, ಹೊಗೆ ಕೊಳವೆಗಳನ್ನು ತಾವೇ ಹತ್ತಿ ಅಳೆದರು.

ಇತರ ಪೈಲಟ್‌ಗಳು ಪ್ರತಿ ಕೇಳತೊಡಗಿದರು. ಮೊದಲು ಉಚಿತವಾಗಿಯೇ ಕೊಟ್ಟರು. ಕೇಳುವವರು ಹೆಚ್ಚಾದಾಗ 1934ರಲ್ಲಿ ಮನೆಯ ನೆಲಮಾಳಿಗೆಯಲ್ಲಿ ಸ್ವಂತ ವ್ಯಾಪಾರ ಆರಂಭಿಸಿದರು. ಬೆಲೆ ಹತ್ತು ಡಾಲರ್. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಇದು ತುಂಬಾ ಇಷ್ಟವಾಯಿತು. ಬಂಡವಾಳ ಒಂದು ನೋಟ್ ಪುಸ್ತಕ, ಮಾರಿದ ಸರಕು ನಂಬಿಕೆ. 1936ರಲ್ಲಿ ಗಗನಸಖಿಯಾಗಿದ್ದ ನಡೀನ್ ಅವರನ್ನು ಮದುವೆಯಾದರು. ನಡೀನ್ ಕೂಡ ವ್ಯಾಪಾರಕ್ಕೆ ಹೆಗಲು ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಈ ನಕ್ಷೆಗಳನ್ನು ಬಳಸಿತು. ಜೆಪ್ಪೆಸೆನ್ 1954ರವರೆಗೆ ಪೈಲಟ್ ಕೆಲಸವನ್ನೂ ಬಿಡಲಿಲ್ಲ. 1961ರಲ್ಲಿ ಕಂಪನಿಯನ್ನು ಮಾರಿದರು. 1995ರಲ್ಲಿ ತೆರೆದ ಡೆನ್ವರ್ ವಿಮಾನ ನಿಲ್ದಾಣದ ಟರ್ಮಿನಲ್‌ಗೆ ಅವರ ಹೆಸರಿಟ್ಟರು. ಮರುವರ್ಷ, 89ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರ ಪುಟ್ಟ ಪುಸ್ತಕ ಬೆಳೆದು, ಪೈಲಟ್‌ಗಳು ಹೊರುವ 15 ಕೆಜಿಗೂ ಹೆಚ್ಚು ತೂಕದ ಚೀಲವಾಯಿತು. ಈಗ ಅದೆಲ್ಲ ಟ್ಯಾಬ್‌ನಲ್ಲಿ ಅಡಗಿದೆ. ಫೋಟೋದಂಥ ನಕ್ಷೆಯನ್ನು ದೊಡ್ಡದು ಮಾಡಿದರೆ ಅಕ್ಷರ ಮಸುಕಾಗುತ್ತದೆ, ತಿರುಗಿಸಿದರೆ ತಲೆಕೆಳಗಾಗುತ್ತದೆ. ಆದರೆ ನಕ್ಷೆ ಮಾಡಿದವರು ಇಟ್ಟದ್ದೆಲ್ಲ ಅಲ್ಲೇ ಇರುತ್ತದೆ. ವೆಕ್ಟರ್ ನಕ್ಷೆ ಎಷ್ಟು ದೊಡ್ಡದು ಮಾಡಿದರೂ ಸ್ಪಷ್ಟ. ವಿಮಾನ ಯಾವ ಕಡೆ ತಿರುಗಿದರೂ ಅಕ್ಷರ ನೆಟ್ಟಗಿರುತ್ತದೆ. ಬೇಡದ್ದನ್ನು ಮರೆಮಾಡಬಹುದು. ಅಪಾಯವೂ ಅಲ್ಲೇ ಇದೆ. ನಕ್ಷೆಯನ್ನು ಚಿಕ್ಕದು ಮಾಡಿದಾಗ ಸಣ್ಣ ಗುರುತುಗಳು ಕಾಣದೆ ಹೋಗಬಹುದು. ಪರದೆಯ ಮೇಲೆ ಗೋಪುರ ಇಲ್ಲವೆಂದು ನೆಲದ ಮೇಲೆ ಇಲ್ಲದೆ ಹೋಗುವುದಿಲ್ಲ.

ಇದನ್ನು ಓದಿದಾಗ ನನಗೆ ನನ್ನ ತಪ್ಪು ನೆನಪಾಯಿತು. ಈ ವರ್ಷ ನಾನು ಅಬ್ಬಾ ಅವರ ಅಂಗಡಿಯ ಉದ್ರಿ ಪುಸ್ತಕವನ್ನು ಮೊಬೈಲ್ ಆ್ಯಪ್‌ಗೆ ಹಾಕಿದೆ. ಒಬ್ಬ ಹಿರಿಯ ಗಿರಾಕಿಯ ಬಾಕಿ 1,450 ರೂಪಾಯಿ. ನಾನು 4,150 ಎಂದು ಒತ್ತಿದೆ. ಆ್ಯಪ್ ಅಚ್ಚುಕಟ್ಟಾಗಿ ಅವರಿಗೆ ಮೆಸೇಜ್ ಕಳಿಸಿತು. ಅವರು ಅಂಗಡಿಗೆ ಬಂದು ಏನೂ ಮಾತಾಡದೆ ಫೋನ್ ಮುಂದೆ ಹಿಡಿದರು. ಅಬ್ಬಾ ಹಳೆಯ ಪುಸ್ತಕ ತೆಗೆದು ನೋಡಿ, ಎಲ್ಲರ ಮುಂದೆ ಅವರ ಕ್ಷಮೆ ಕೇಳಿದರು. ತಪ್ಪು ಮಾಡಿದ್ದು ನಾನು, ತಲೆ ತಗ್ಗಿಸಿದ್ದು ಅಬ್ಬಾ.

ನಮ್ಮ ಅಂಗಡಿಯಲ್ಲಿ ತಪ್ಪಿದರೆ ಹೋಗುವುದು ಮರ್ಯಾದೆ. ಆಕಾಶದಲ್ಲಿ ತಪ್ಪಿದರೆ ಹೋಗುವುದು ಪ್ರಾಣ. ಜೆಪ್ಪೆಸೆನ್ ಅವರಿಗೆ ಇದು ಗೊತ್ತಿತ್ತು, ಆದ್ದರಿಂದಲೇ ಅವರು ಬೆಟ್ಟ ಹತ್ತಿದರು. ಕಾಗದವಾಗಲಿ, ವೆಕ್ಟರ್ ಆಗಲಿ, ಮೊದಲು ಬರೆದ ಅಂಕಿ ಸರಿಯಿರಬೇಕು, ಓದುವವರೂ ಎಚ್ಚರದಿಂದಿರಬೇಕು. ನಾನು ಆ್ಯಪ್ ಬಿಟ್ಟಿಲ್ಲ. ಆದರೆ ಈಗ ಪ್ರತಿ ರಾತ್ರಿ ಅಂಗಡಿ ಮುಚ್ಚುವ ಮೊದಲು, ಅಬ್ಬಾ ಪುಸ್ತಕ ಓದುತ್ತಾರೆ, ನಾನು ಮೊಬೈಲ್‌ನಲ್ಲಿ ಒಂದೊಂದೇ ಅಂಕಿ ತಾಳೆ ನೋಡುತ್ತೇನೆ.