ಅಗಸ್ಟಸ್ ಸೀಬ್

ಅಗಸ್ಟಸ್ ಸೀಬ್ (1788 – 15 ಏಪ್ರಿಲ್ 1872) ಜರ್ಮನಿಯ ಸ್ಯಾಕ್ಸನಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಎಂಜಿನಿಯರ್. ತಾಮ್ರದ ಶಿರಸ್ತ್ರಾಣ, ನೀರು ನುಗ್ಗದ ಉಡುಪು ಮತ್ತು ಮೇಲಿನಿಂದ ಗಾಳಿ ಒದಗಿಸುವ ಕೈಪಂಪು ಇವುಗಳನ್ನು ಒಂದೇ ವ್ಯವಸ್ಥೆಯಾಗಿ ಜೋಡಿಸಿದ ಅವರ ಮುಚ್ಚಿದ ಮುಳುಗು ಉಡುಪು, ಸಣ್ಣಪುಟ್ಟ ಮಾರ್ಪಾಡುಗಳೊಡನೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬಳಕೆಯಲ್ಲಿತ್ತು. ಅವರು ಸ್ಥಾಪಿಸಿದ ಕಾರ್ಯಾಗಾರ ಮುಂದೆ ಸೀಬ್ ಗೋರ್ಮನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಹಳೆಯ ಮುಳುಗು ಉಪಕರಣಗಳನ್ನು ಸಂಗ್ರಹಿಸಿ ದುರಸ್ತಿ ಮಾಡುವವರು ಇಂದಿಗೂ ಹುಡುಕುವ ಹೆಸರುಗಳಲ್ಲಿ ಇದು ಮೊದಲ ಸಾಲಿನದು. ಸೀಬ್ ಅವರನ್ನು ಮುಳುಗು ವಿದ್ಯೆಯ ಪಿತಾಮಹ ಎಂದು ಕರೆಯುವುದು ರೂಢಿ. ಆದರೆ ಈ ಬಿರುದಿನಲ್ಲಿ ಇತರ ಕೆಲವರಿಗೂ ಪಾಲಿದೆ.

ಆರಂಭಿಕ ಜೀವನ

ಸೀಬ್ ಬರ್ಲಿನ್ನಿನಲ್ಲಿ ಲೋಹದ ಕುಶಲಕೆಲಸವನ್ನು ಕಲಿತರು. ನೆಪೋಲಿಯನ್ ವಿರುದ್ಧದ ಯುದ್ಧಗಳಲ್ಲಿ ಪ್ರಷ್ಯಾ ಸೇನೆಯ ಫಿರಂಗಿ ದಳದ ಅಧಿಕಾರಿಯಾಗಿ ಸೇವೆ ಸಲ್ಲಿಸಿದರು. ಯುದ್ಧ ಮುಗಿದ ಬಳಿಕ ಇಂಗ್ಲೆಂಡಿಗೆ ಬಂದು, ಕಾಲಕ್ರಮದಲ್ಲಿ ಲಂಡನ್ನಿನ ಸೊಹೊ ಪ್ರದೇಶದ ಡೆನ್ಮಾರ್ಕ್ ಸ್ಟ್ರೀಟಿನ 5ನೇ ಸಂಖ್ಯೆಯ ಕಟ್ಟಡದಲ್ಲಿ ಮನೆಯನ್ನೂ ಕಾರ್ಯಾಗಾರವನ್ನೂ ಹೂಡಿದರು. ಕೊನೆಯವರೆಗೂ ಅವರ ವಿಳಾಸ ಅದೇ ಆಗಿತ್ತು.

ಅವರ ಆಸಕ್ತಿ ಮುಳುಗು ಉಪಕರಣಗಳಿಗೆ ಸೀಮಿತವಾಗಿರಲಿಲ್ಲ. ತಿರುಗುವ ನೀರೆತ್ತುವ ಪಂಪು ಅವರ ಆರಂಭದ ಯಂತ್ರಗಳಲ್ಲೊಂದು. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ರೂಪಿಸಿದ ಈಥರ್ ಆಧಾರಿತ ಮಂಜುಗಡ್ಡೆ ತಯಾರಿಸುವ ಯಂತ್ರವನ್ನು 1850ರ ದಶಕದಲ್ಲಿ ನಿರ್ಮಿಸಿಕೊಟ್ಟದ್ದೂ ಸೀಬ್ ಅವರ ಕಾರ್ಯಾಗಾರವೇ. ಸೋರದ ಕವಾಟ, ಬಿಗಿಯಾದ ಕೊಂತ, ನಯವಾದ ತಿರುಪು ಇವೆಲ್ಲ ಪಂಪು ತಯಾರಕನ ಕಸುಬಿಗೆ ಸೇರಿದವು. ಮುಳುಗುಗಾರನ ಜೀವ ನಿಂತಿರುವುದೂ ಇವುಗಳ ಮೇಲೆಯೇ.

ಡೀನ್ ಸಹೋದರರು ಮತ್ತು ತೆರೆದ ಉಡುಪು

ಸೀಬ್ ಅವರ ಕೆಲಸಕ್ಕೆ ತಳಪಾಯ ಹಾಕಿದವರು ಚಾರ್ಲ್ಸ್ ಡೀನ್ ಮತ್ತು ಜಾನ್ ಡೀನ್ ಎಂಬ ಸಹೋದರರು. ಹೊಗೆ ತುಂಬಿದ ಕಟ್ಟಡಗಳಲ್ಲಿ ಕೆಲಸ ಮಾಡಲು ಅನುಕೂಲವಾಗುವ ಶಿರಸ್ತ್ರಾಣಕ್ಕೆ ಚಾರ್ಲ್ಸ್ 1823ರಲ್ಲಿ ಪೇಟೆಂಟ್ ಪಡೆದಿದ್ದರು. ಬೆಂಕಿ ಆರಿಸುವವರಲ್ಲಿ ಅದಕ್ಕೆ ಹೆಚ್ಚಿನ ಬೇಡಿಕೆ ಬರಲಿಲ್ಲ. ಸಹೋದರರು ಅದನ್ನು ನೀರಿನ ಕೆಲಸಕ್ಕೆ ಹೊಂದಿಸಿಕೊಂಡರು. ಶಿರಸ್ತ್ರಾಣಗಳನ್ನು ತಯಾರಿಸಿಕೊಟ್ಟವರು ಸೀಬ್.

ಡೀನ್ ಮಾದರಿಯಲ್ಲಿ ಶಿರಸ್ತ್ರಾಣಕ್ಕೆ ಅಂಟಿಕೊಂಡ ಮೇಲಂಗಿ ಸೊಂಟದ ಬಳಿ ತೆರೆದೇ ಇರುತ್ತಿತ್ತು. ಪಂಪಿನಿಂದ ಬಂದ ಗಾಳಿ ತಲೆಯ ಸುತ್ತ ತುಂಬಿ, ಹೆಚ್ಚಾದದ್ದು ಅಂಗಿಯ ಅಂಚಿನಿಂದ ಗುಳ್ಳೆಗಳಾಗಿ ಹೊರಹೋಗುತ್ತಿತ್ತು. ಕೊಡವನ್ನು ಬೋರಲಾಗಿ ನೀರಿಗೆ ಅದುಮಿದಾಗ ಒಳಗಿನ ಗಾಳಿ ಉಳಿಯುವ ತತ್ವವೇ ಇಲ್ಲಿಯದೂ. ಮುಳುಗುಗಾರ ನೆಟ್ಟಗೆ ನಿಂತಿರುವಷ್ಟು ಹೊತ್ತು ಇದು ಸುರಕ್ಷಿತ. ಎಡವಿ ಬಿದ್ದರೆ ನೀರು ಕ್ಷಣದಲ್ಲಿ ಶಿರಸ್ತ್ರಾಣದೊಳಗೆ ನುಗ್ಗುತ್ತಿತ್ತು. ಹೀಗಿದ್ದರೂ ಡೀನ್ ಸಹೋದರರು ಇದೇ ಉಡುಪಿನಲ್ಲಿ ಅನೇಕ ಮುಳುಗಡೆಗಳನ್ನು ನಡೆಸಿದರು. 1836ರಲ್ಲಿ ಮೇರಿ ರೋಸ್ ಹಡಗಿನ ಅವಶೇಷವನ್ನು ಕಂಡುಹಿಡಿದವರೂ ಇವರೇ.

ತೆರೆದ ಉಡುಪನ್ನು 1819ರಲ್ಲಿ ಸೀಬ್ ಅವರೇ ಕಂಡುಹಿಡಿದರೆಂಬ ಮಾತು ಅನೇಕ ಹಳೆಯ ಪುಸ್ತಕಗಳಲ್ಲಿ ಕಾಣುತ್ತದೆ. ಸೀಬ್ ಸಂಸ್ಥೆಯ ಪ್ರಕಟಣೆಗಳ ಮೂಲಕ ಹರಡಿದ ಈ ಹೇಳಿಕೆಯನ್ನು ನಂತರದ ಇತಿಹಾಸಕಾರರು ಒಪ್ಪುವುದಿಲ್ಲ. ತೆರೆದ ಉಡುಪಿನ ಶ್ರೇಯಸ್ಸು ಈಗ ಡೀನ್ ಸಹೋದರರಿಗೆ ಸಲ್ಲುತ್ತದೆ.

ಮುಚ್ಚಿದ ಉಡುಪು

1830ರ ದಶಕದಲ್ಲಿ ಸೀಬ್ ಈ ದೋಷವನ್ನು ನಿವಾರಿಸಲು ಮುಂದಾದರು. ಜಾರ್ಜ್ ಎಡ್ವರ್ಡ್ಸ್ ಎಂಬ ಎಂಜಿನಿಯರ್ ಆಗಲೇ ಮಾಡಿದ್ದ ಸುಧಾರಣೆಗಳನ್ನು ಆಧರಿಸಿ, ಕಾಲಿನವರೆಗೂ ಇಳಿಯುವ ಜಲನಿರೋಧಕ ಕ್ಯಾನ್ವಾಸ್ ಉಡುಪಿಗೆ ಶಿರಸ್ತ್ರಾಣವನ್ನು ಬಿಗಿಯಾಗಿ ಸೇರಿಸಿದರು. ಗಾಳಿ ಹೊರಹೋಗಲು ಸೊಂಟದ ತೆರಪಿನ ಬದಲು ಶಿರಸ್ತ್ರಾಣದಲ್ಲೇ ಒಂದು ಕವಾಟ ಬಂದಿತು. ಬಳಸಿದ ಗಾಳಿಯನ್ನು ಹೊರಬಿಟ್ಟು ನೀರನ್ನು ಒಳಬಿಡದ ಈ ಕವಾಟವೇ ವಿನ್ಯಾಸದ ಜೀವಾಳ. ಮುಳುಗುಗಾರ ಇನ್ನು ಬಗ್ಗಬಹುದಿತ್ತು, ಮಂಡಿಯೂರಬಹುದಿತ್ತು, ಬಿದ್ದರೂ ಬದುಕಬಹುದಿತ್ತು.

ರಾಯಲ್ ಜಾರ್ಜ್ ಕಾರ್ಯಾಚರಣೆ

ಈ ಉಡುಪಿಗೆ ದೊಡ್ಡ ಪರೀಕ್ಷೆ ಎದುರಾದದ್ದು ಪೋರ್ಟ್ಸ್‌ಮತ್ ಬಳಿಯ ಸ್ಪಿಟ್‌ಹೆಡ್‌ನಲ್ಲಿ. ಅಲ್ಲಿ 1782ರ ಆಗಸ್ಟ್ 29ರಂದು ಲಂಗರು ಹಾಕಿದ್ದ ರಾಯಲ್ ಜಾರ್ಜ್ ಎಂಬ ಯುದ್ಧನೌಕೆ, ದುರಸ್ತಿಗಾಗಿ ಒಂದು ಬದಿಗೆ ವಾಲಿಸಿದ್ದಾಗ ಮುಳುಗಿ 800ಕ್ಕೂ ಹೆಚ್ಚು ಜನ ಸತ್ತಿದ್ದರು. ಹಡಗುಗಳ ಓಡಾಟಕ್ಕೆ ಅಡ್ಡಿಯಾಗಿದ್ದ ಅವಶೇಷವನ್ನು ತೆರವು ಮಾಡುವ ಹೊಣೆಯನ್ನು ಸೇನೆಯ ರಾಯಲ್ ಎಂಜಿನಿಯರ್ಸ್ ದಳದ ಚಾರ್ಲ್ಸ್ ಪಾಸ್ಲಿ 1839ರಲ್ಲಿ ವಹಿಸಿಕೊಂಡರು. ಕೆಲಸ 1843ರವರೆಗೆ ನಡೆಯಿತು. ಬೇರೆ ಬೇರೆ ತಯಾರಕರ ಉಡುಪುಗಳನ್ನು ಬಳಸಿ ನೋಡಿದ ಪಾಸ್ಲಿ ಕೊನೆಗೆ ಸೀಬ್ ಅವರದನ್ನು ಮೆಚ್ಚಿದರು. ಶಿರಸ್ತ್ರಾಣವನ್ನು ಎದೆಕವಚದಿಂದ ಬಿಚ್ಚುವಂತಿರಬೇಕು ಎಂಬ ಅವರ ಸಲಹೆ ಉಡುಪಿಗೆ ಅದರ ಪರಿಚಿತ ರೂಪವನ್ನು ಕೊಟ್ಟಿತು. ಮೇಲೆತ್ತಿದ ಫಿರಂಗಿಗಳಲ್ಲಿ ಕೆಲವನ್ನು ಕರಗಿಸಿ, ಲಂಡನ್ನಿನ ನೆಲ್ಸನ್ ಸ್ತಂಭದ ಮೇಲ್ತುದಿಯ ಕಂಚಿನ ಅಲಂಕಾರಕ್ಕೆ ಬಳಸಲಾಯಿತು.

ಇದೇ ಕಾರ್ಯಾಚರಣೆಯಲ್ಲಿ ಉಡುಪಿನ ಅಪಾಯವೂ ಬೆಳಕಿಗೆ ಬಂದಿತು. ಗಾಳಿಕೊಳವೆ ಒಡೆದಾಗ ಒಬ್ಬ ಸೈನಿಕ ತೀವ್ರವಾಗಿ ಗಾಯಗೊಂಡ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡರಷ್ಟಿರುತ್ತದೆ. ಕೊಳವೆ ಮೇಲ್ಭಾಗದಲ್ಲಿ ಹರಿದರೆ ಉಡುಪಿನೊಳಗಿನ ಗಾಳಿ ಅದರ ಮೂಲಕ ಹೊರಗೆ ಹೋಗಿಬಿಡುತ್ತದೆ; ಸುತ್ತಲಿನ ನೀರು ದೇಹವನ್ನು ಗಟ್ಟಿಯಾದ ಶಿರಸ್ತ್ರಾಣದ ಕಡೆಗೆ ಹಿಂಡುತ್ತದೆ. ಗಾಳಿ ಒಳಬರುವ ಬಾಯಿಯಲ್ಲಿ ಹಿಮ್ಮುಖ ಹರಿವನ್ನು ತಡೆಯುವ ಕವಾಟವಿದ್ದರೆ ಈ ಗಾಳಿ ತಪ್ಪಿಸಿಕೊಳ್ಳಲಾರದು. ಬೆರಳ ಗಾತ್ರದ ಈ ಭಾಗ ಮುಂದೆ ಎಲ್ಲ ಶಿರಸ್ತ್ರಾಣಗಳಲ್ಲೂ ಕಡ್ಡಾಯವಾಯಿತು.

ನಿಧನ ಮತ್ತು ಸಂಸ್ಥೆಯ ಮುಂದುವರಿಕೆ

ಸೀಬ್ ತಮ್ಮ ಉಪಕರಣವನ್ನು 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇರಿಸಿದ್ದರು. 1872ರ ಏಪ್ರಿಲ್ 15ರಂದು ಡೆನ್ಮಾರ್ಕ್ ಸ್ಟ್ರೀಟಿನ ಮನೆಯಲ್ಲೇ ತೀರಿಕೊಂಡ ಅವರ ಸಮಾಧಿ ಲಂಡನ್ನಿನ ವೆಸ್ಟ್ ನಾರ್‌ವುಡ್ ಸ್ಮಶಾನದಲ್ಲಿದೆ. ಮುಂದೆ ಸಂಗೀತ ಪ್ರಕಾಶಕರ ಬೀದಿಯೆಂದು ಹೆಸರಾದ ಡೆನ್ಮಾರ್ಕ್ ಸ್ಟ್ರೀಟಿನಲ್ಲಿ ಅವರ ನೆನಪಿಗೆ ನೀಲಿ ಫಲಕವೊಂದಿದೆ.

ಮಗ ಹೆನ್ರಿ ಸೀಬ್ ಮತ್ತು ಅಳಿಯ ವಿಲಿಯಂ ಗೋರ್ಮನ್ ಕಾರ್ಯಾಗಾರವನ್ನು ಮುಂದುವರಿಸಿದರು. ಹೆನ್ರಿ ಫ್ಲೂಸ್ 1870ರ ದಶಕದ ಕೊನೆಯಲ್ಲಿ ರೂಪಿಸಿದ, ಮೇಲಿನ ಕೊಳವೆಯಿಲ್ಲದೆ ಆಮ್ಲಜನಕದಿಂದ ನಡೆಯುವ ಉಸಿರಾಟದ ಸಾಧನವನ್ನು ಈ ಸಂಸ್ಥೆ ತಯಾರಿಸಿತು. 20ನೇ ಶತಮಾನದಲ್ಲಿ ರಾಬರ್ಟ್ ಡೇವಿಸ್ ಅವರ ನೇತೃತ್ವದಲ್ಲಿ ಜಲಾಂತರ್ಗಾಮಿಯಿಂದ ಪಾರಾಗುವ ಸಾಧನವನ್ನು, ಎರಡನೆಯ ಮಹಾಯುದ್ಧದ ನಂತರ ಕುಸ್ತೊ ಮತ್ತು ಗಾನ್ಯಾಂ ವಿನ್ಯಾಸದ ಅಕ್ವಾಲಂಗನ್ನು ಇಂಗ್ಲೆಂಡಿನಲ್ಲಿ ತಯಾರಿಸಿತು. ಹೀಗಾಗಿ ತಾಮ್ರದ ಶಿರಸ್ತ್ರಾಣವನ್ನೂ ಹಳೆಯ ಸ್ಕೂಬಾ ಉಪಕರಣವನ್ನೂ ಸಂಗ್ರಹಿಸುವವರಿಗೆ ಒಂದೇ ತಯಾರಕನ ಹೆಸರು ಎದುರಾಗುತ್ತದೆ.

ಉಳಿದಿರುವ ಉಪಕರಣಗಳು ಮತ್ತು ಅವುಗಳ ದುರಸ್ತಿ

ಸೀಬ್ ಮತ್ತು ಅವರ ಉತ್ತರಾಧಿಕಾರಿಗಳ ಶಿರಸ್ತ್ರಾಣಗಳು ಸಂಗ್ರಹಾಲಯಗಳಲ್ಲೂ ಖಾಸಗಿ ಸಂಗ್ರಹಗಳಲ್ಲೂ ಉಳಿದಿವೆ. ಅವುಗಳ ಕಾಲವನ್ನು ಗುರುತಿಸಲು ಹಿತ್ತಾಳೆಯ ಫಲಕದ ಮೇಲಿರುವ ಹೆಸರು ಮತ್ತು ವಿಳಾಸ ನೆರವಾಗುತ್ತವೆ. ಶಿರಸ್ತ್ರಾಣ ಮತ್ತು ಎದೆಕವಚ ಎರಡರಲ್ಲೂ ಒಂದೇ ಕ್ರಮಸಂಖ್ಯೆ ಇದ್ದರೆ ಅವು ಮೊದಲಿನಿಂದಲೂ ಜೋಡಿ ಎಂದು ತಿಳಿಯಬಹುದು. ಬ್ರಿಟಿಷ್ ನೌಕಾಪಡೆಯ ಮಾದರಿಯಲ್ಲಿ 6 ಬೋಲ್ಟುಗಳೂ ವಾಣಿಜ್ಯ ಬಳಕೆಯ ಸಾಮಾನ್ಯ ಮಾದರಿಯಲ್ಲಿ 12 ಬೋಲ್ಟುಗಳೂ ಇರುತ್ತವೆ.

ಶಿರಸ್ತ್ರಾಣವನ್ನು ತಾಮ್ರದ ತಗಡನ್ನು ತಟ್ಟಿ ರೂಪಿಸಿ, ತವರದ ಕಲಾಯಿ ಹಾಕಲಾಗುತ್ತಿತ್ತು. ಅಡುಗೆ ಪಾತ್ರೆಯಂತೆ ಇಲ್ಲಿಯೂ ಕಲಾಯಿ ಸವೆದ ಕಡೆ ತಾಮ್ರ ಕಿಲುಬು ಹಿಡಿಯುತ್ತದೆ. ಎಲ್ಲವನ್ನೂ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುವುದು ದುರಸ್ತಿಯಲ್ಲಿ ಆಗುವ ದೊಡ್ಡ ತಪ್ಪು. ಉಜ್ಜಿದಷ್ಟೂ ಮೂಲ ಕಲಾಯಿ ಹೋಗುತ್ತದೆ, ಫಲಕದ ಅಕ್ಷರಗಳು ಮಾಸುತ್ತವೆ, ತಗಡು ತೆಳುವಾಗುತ್ತದೆ. ಕಳೆದದ್ದನ್ನು ಮರಳಿ ತರುವ ದಾರಿಯಿಲ್ಲ. ತಗ್ಗುಗಳನ್ನು ಒಳಗಿನಿಂದ ಮರದ ಸುತ್ತಿಗೆಯಿಂದ ಮೆಲ್ಲಗೆ ಎಬ್ಬಿಸಬಹುದು, ಆದರೆ ದುಡಿಮೆಯಲ್ಲಿ ಬಿದ್ದ ಗುರುತುಗಳೂ ಇತಿಹಾಸದ ಭಾಗವೆಂದು ಅನೇಕರು ಅವನ್ನು ಹಾಗೆಯೇ ಬಿಡುತ್ತಾರೆ.

ಪ್ರದರ್ಶನಕ್ಕಿಡುವ ಮತ್ತು ನೀರಿಗಿಳಿಸುವ ಉಪಕರಣಗಳ ದುರಸ್ತಿಯಲ್ಲಿ ನಿಜವಾದ ವಿರೋಧವೇ ಇದೆ. ಪ್ರದರ್ಶನದ ವಸ್ತುವಿನಲ್ಲಿ ಒಣಗಿದ ಮೂಲ ಚರ್ಮದ ವಾಷರನ್ನೂ ಬಿರುಕು ಬಿಟ್ಟ ರಬ್ಬರನ್ನೂ ಉಳಿಸಿಕೊಳ್ಳುವುದು ಸರಿ. ನೀರಿಗಿಳಿಯುವವನಿಗೆ ಅವು ಮೃತ್ಯುಸಮಾನ. ಅಲ್ಲಿ ಕವಾಟದ ಆಸನ, ಚರ್ಮ, ಸ್ಪ್ರಿಂಗು, ಕಿಟಕಿಯ ಗಾಜು, ಕೊಳವೆ ಎಲ್ಲವೂ ಹೊಸದಾಗಬೇಕು. ತೆಗೆದ ಮೂಲ ಭಾಗಗಳನ್ನು ಗುರುತು ಹಾಕಿ ಜೋಪಾನ ಮಾಡುವುದು ಉತ್ತಮ ಪದ್ಧತಿ. ಹಿಮ್ಮುಖ ಹರಿವನ್ನು ತಡೆಯುವ ಕವಾಟವನ್ನು ಪ್ರತಿ ಮುಳುಗಿಗೂ ಮುಂಚೆ ಪರೀಕ್ಷಿಸಬೇಕು: ಒಳಗಿನಿಂದ ಊದಿದರೆ ಗಾಳಿ ಸ್ವಲ್ಪವೂ ಹಿಂದಕ್ಕೆ ಹೋಗಬಾರದು. ಕೈಪಂಪಿನ ಕೊಂತಕ್ಕೆ ಸುತ್ತಿರುವ ಚರ್ಮ ಒಣಗದಂತೆ ಎಣ್ಣೆ ಹಚ್ಚಬೇಕು, ಆದರೆ ಆ ಎಣ್ಣೆಯ ಆವಿಯೇ ಮುಳುಗುಗಾರನ ಉಸಿರಿಗೆ ಸೇರುವುದರಿಂದ ಖನಿಜ ತೈಲ ಇದಕ್ಕೆ ಸಲ್ಲದು.

ಸಂಸ್ಥೆಯ ನಂತರದ ಜೋಡಿ ಕೊಳವೆಯ ಸ್ಕೂಬಾ ರೆಗ್ಯುಲೇಟರುಗಳಲ್ಲಿ ತಾಮ್ರಕ್ಕಿಂತ ರಬ್ಬರಿನ ಸಮಸ್ಯೆ ಹೆಚ್ಚು. ಪೊರೆ, ಸುಕ್ಕುಕೊಳವೆ ಮತ್ತು ಉಸಿರು ಹೊರಬಿಡುವ ಕವಾಟ ದಶಕಗಳಲ್ಲಿ ಪೆಡಸಾಗುವುದರಿಂದ ಅವುಗಳ ಬದಲಿಗೆ ಸಿಲಿಕೋನ್ ಭಾಗಗಳನ್ನು ಅಳವಡಿಸುವವರಿದ್ದಾರೆ. ಹಳೆಯ ಸಿಲಿಂಡರನ್ನು ಜಲಒತ್ತಡ ಪರೀಕ್ಷೆಯಿಲ್ಲದೆ ತುಂಬುವಂತಿಲ್ಲ.

ಮಾರುಕಟ್ಟೆಯಲ್ಲಿ ಅಲಂಕಾರಕ್ಕಾಗಿ ಮಾಡಿದ ಪ್ರತಿಕೃತಿಗಳು ಹೇರಳವಾಗಿವೆ. ಸೀಬ್ ಗೋರ್ಮನ್ ಫಲಕವನ್ನು ನಕಲು ಮಾಡಿ ಅಂಟಿಸಿದವೂ ಅವುಗಳಲ್ಲಿವೆ. ತೆಳುವಾದ ತಗಡು, ಹೊಂದದ ತಿರುಪು, ತೆರೆದು ಮುಚ್ಚದ ಕವಾಟ ಇವುಗಳಿಂದ ಅಂಥವನ್ನು ಗುರುತಿಸಬಹುದು. ಅವನ್ನು ಧರಿಸಿ ನೀರಿಗಿಳಿಯಲು ಸಾಧ್ಯವಿಲ್ಲ.